ನಕ್ಷೆಯಲ್ಲಿ ಖಾಲಿ ಕಾಣುವ ಜಾಗಕ್ಕೂ ರಿವ್ಯೂವರ್ ಯಾಕೆ ಒಪ್ಪುವುದಿಲ್ಲ?

ಜಿಯೋಕ್ಯಾಶಿಂಗ್ ಆಟಕ್ಕೆ (ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕುವ ಆಟ) ಕೆರೆ ಏರಿಯ ಮೇಲೆ ಕ್ಯಾಶ್, ಅಂದರೆ ಹುಡುಕಬೇಕಾದ ಡಬ್ಬಿ, ಇಟ್ಟಿದ್ದೀರಿ, ನಕ್ಷೆಯಲ್ಲಿ ಹತ್ತಿರದ ಕ್ಯಾಶ್ 300 ಮೀಟರ್ ದೂರದಲ್ಲಿದೆ, ಆದರೂ ರಿವ್ಯೂವರ್ (ಹೊಸ ಕ್ಯಾಶ್ ಪ್ರಕಟವಾಗುವ ಮೊದಲು ಪರಿಶೀಲಿಸುವವರು) ‘ತೀರಾ ಹತ್ತಿರವಾಯಿತು’ ಎಂದು ವಾಪಸ್ ಕಳಿಸಿದ್ದಾರೆ, ಯಾಕೆ ಅಂತ ಕೇಳಿದ್ದೀರಿ. ಹೆಚ್ಚಿನಂಶ ಅಲ್ಲಿ ನಕ್ಷೆ ತೋರಿಸದ ಡಬ್ಬಿಯೊಂದಿದೆ.

ಆಟದ ವೆಬ್‌ಸೈಟ್ ಜಿಯೋಕ್ಯಾಶಿಂಗ್ ಡಾಟ್ ಕಾಮ್ ಇಟ್ಟಿರುವ ಕನಿಷ್ಠ ಅಂತರ 161 ಮೀಟರ್, ಅಂದರೆ 528 ಅಡಿ, ಮೈಲಿಯ ಹತ್ತನೇ ಒಂದು ಭಾಗ. ಇದನ್ನು ನಕ್ಷೆಯ ಗುರುತುಗಳ ನಡುವೆ ಅಳೆಯುವುದಿಲ್ಲ. ಆಟಗಾರರು ತಂದಿಟ್ಟ ವಸ್ತುಗಳ ನಡುವೆ ಅಳೆಯುತ್ತಾರೆ. ಡಬ್ಬಿಯಷ್ಟೇ ಅಲ್ಲ, ಮಲ್ಟಿಯ (ಹಲವು ಹಂತ ದಾಟಿ ಡಬ್ಬಿ ಸೇರುವ ಕ್ಯಾಶ್) ನಡು ಹಂತದಲ್ಲಿ ಅಂಟಿಸಿದ ಒಂದು ಚಿಕ್ಕ ಟ್ಯಾಗ್ ಕೂಡ ಲೆಕ್ಕಕ್ಕೆ ಬರುತ್ತದೆ. ಒಗಟು ಬಿಡಿಸಿ ಜಾಗ ಕಂಡುಹಿಡಿಯಬೇಕಾದ ಮಿಸ್ಟರಿ ಕ್ಯಾಶ್‌ನ ಪ್ರಶ್ನಾರ್ಥಕ ಚಿಹ್ನೆ ಇರುವಲ್ಲಿ ಬಹಳ ಸಲ ಏನೂ ಇರುವುದಿಲ್ಲ; ನಿಜವಾದ ಡಬ್ಬಿ ಸಾಮಾನ್ಯವಾಗಿ ಅದರ 3 ಕಿ.ಮೀ. ಸುತ್ತಿನಲ್ಲಿ ಎಲ್ಲಾದರೂ ಇರಬಹುದು. ನಿಮ್ಮ ಏರಿಯ ಮೇಲೂ ಇರಬಹುದು. ತಾತ್ಕಾಲಿಕವಾಗಿ ನಿಲ್ಲಿಸಿರುವ ಕ್ಯಾಶ್ ಕೂಡ ಜಾಗ ಹಿಡಿದುಕೊಂಡೇ ಇರುತ್ತದೆ, ಆರ್ಕೈವ್ ಆದ (ಶಾಶ್ವತವಾಗಿ ಮುಚ್ಚಿದ) ಮೇಲಷ್ಟೇ ಬಿಡುತ್ತದೆ. ಅರ್ತ್‌ಕ್ಯಾಶ್ (ಭೂವಿಜ್ಞಾನದ ತಾಣ ನೋಡುವುದು), ವರ್ಚುವಲ್ (ಡಬ್ಬಿಯಿಲ್ಲದೆ ಜಾಗ ನೋಡುವುದು), ಈವೆಂಟ್ (ಆಟಗಾರರ ಕೂಟ) ಇವುಗಳಲ್ಲಿ ಇಟ್ಟ ವಸ್ತುವೇ ಇಲ್ಲದ್ದರಿಂದ ಅಂತರದ ಪ್ರಶ್ನೆಯಿಲ್ಲ. ಒಂದೇ ಮಲ್ಟಿಯ ಹಂತಗಳು ತಮ್ಮತಮ್ಮಲ್ಲಿ ಹತ್ತಿರವಿದ್ದರೂ ನಡೆಯುತ್ತದೆ.

ಅಳತೆ ನೇರ ಗೆರೆಯದು. ಕೆರೆ ಸುತ್ತಿ ಬರಲು 600 ಮೀಟರ್ ನಡೆಯಬೇಕು ಎಂಬುದು ಲೆಕ್ಕಕ್ಕಿಲ್ಲ. ಕರ್ನಾಟಕದ ಅಕ್ಷಾಂಶದಲ್ಲಿ, 13 ಡಿಗ್ರಿಯ ಆಸುಪಾಸಿನಲ್ಲಿ, ಅಕ್ಷಾಂಶ-ರೇಖಾಂಶದ ಅಂಕಿಗಳಾದ ಕೋಆರ್ಡಿನೇಟ್‌ನ ಕೊನೆಯ ಅಂಕಿ (ನಿಮಿಷದ ಸಾವಿರದ ಒಂದು ಭಾಗ) ಉತ್ತರ-ದಕ್ಷಿಣಕ್ಕೆ ಸುಮಾರು 1.84 ಮೀಟರ್, ಪೂರ್ವ-ಪಶ್ಚಿಮಕ್ಕೆ ಸುಮಾರು 1.81 ಮೀಟರ್. ಹಾಗಾಗಿ ನೆರೆಯ ಡಬ್ಬಿಯಿಂದ 161 ಮೀಟರ್ ದಾಟಲು ನೇರ ಉತ್ತರಕ್ಕೆ ಸರಿದರೆ 88 ಅಂಕಿ ಬೇಕು, ನೇರ ಪೂರ್ವಕ್ಕಾದರೆ 90. ಮೂಲೆಗೆ ಸರಿದಾಗಲೇ ಜನ ಎಡವುವುದು: 60 ಉತ್ತರಕ್ಕೆ, 60 ಪೂರ್ವಕ್ಕೆ ಸರಿದರೆ ಸಾಕಷ್ಟು ದೂರ ಅನ್ನಿಸುತ್ತದೆ, ಲೆಕ್ಕ ಹಾಕಿದರೆ 155 ಮೀಟರ್. ಆರು ಮೀಟರ್ ಸಾಲದು. ಎರಡೂ ಕಡೆ 63 ಮಾಡಿದರೆ ದಾಟುತ್ತದೆ. ಮರದಡಿ ಫೋನಿನ ಜಿಪಿಎಸ್ ಐದು-ಹತ್ತು ಮೀಟರ್ ಆಚೀಚೆ ತೋರಿಸುವುದು ಮಾಮೂಲಿ, ಆದ್ದರಿಂದ 175 ಮೀಟರ್ ಇಟ್ಟುಕೊಳ್ಳಿ; ಬೇರೆ ಬೇರೆ ದಿನ ಮೂರ್ನಾಲ್ಕು ಸಲ ಕೋಆರ್ಡಿನೇಟ್ ತೆಗೆದು ಸರಾಸರಿ ಹಾಕಿ.

ಈಗ ಮಾಡಬೇಕಾದದ್ದು: ಹೊಸದಾಗಿ ಒಂದು ಕ್ಯಾಶ್ ಪುಟ ತೆರೆದು, ಹೆಸರಿನ ಜಾಗದಲ್ಲಿ ‘ಕೋಆರ್ಡಿನೇಟ್ ಚೆಕ್’ ಎಂದು ಹಾಕಿ, ಬರೀ ಜಾಗ ಪರೀಕ್ಷೆಗೆ ಎಂದು ರಿವ್ಯೂವರ್‌ಗೆ ಟಿಪ್ಪಣಿ ಬರೆದು ಕಳಿಸಿ. ಎರಡು-ಮೂರು ಪರ್ಯಾಯ ಜಾಗಗಳನ್ನೂ ಅದರಲ್ಲೇ ಕೊಡಿ. ಆದರೆ ಹತ್ತತ್ತು ಮೀಟರ್ ಸರಿಸುತ್ತಾ ಮತ್ತೆ ಮತ್ತೆ ಕೇಳಬೇಡಿ. ಅದು ಇನ್ನೊಬ್ಬರ ಒಗಟನ್ನು ಬಿಡಿಸದೆಯೇ ಡಬ್ಬಿ ಪತ್ತೆ ಮಾಡಿದಂತೆ, ಮತ್ತು ರಿವ್ಯೂವರ್‌ಗಳೆಲ್ಲ ಸ್ವಂತ ಸಮಯ ಕೊಟ್ಟು ದುಡಿಯುವವರು. ಸುತ್ತಲಿನ ಮಿಸ್ಟರಿ, ಮಲ್ಟಿಗಳನ್ನು ನೀವೇ ಬಿಡಿಸುವುದು ಎಲ್ಲಕ್ಕಿಂತ ಒಳ್ಳೆಯದು. ಯಾವ ಜಾಗ ಖಾಲಿ ಎಂಬುದು ತಾನಾಗಿ ತಿಳಿಯುತ್ತದೆ.

ಏರಿಯ ಆ ಜಾಗವನ್ನೇ ಜನರಿಗೆ ತೋರಿಸಬೇಕು ಅನ್ನುವುದಾದರೆ ಮಲ್ಟಿ ಮಾಡಿ. ತೂಬಿನ ಕಲ್ಲಿನ ಮೇಲೋ ಫಲಕದ ಮೇಲೋ ಇಸವಿ ಕೆತ್ತಿದ್ದರೆ ಅದರ ಅಂಕಿಗಳಿಂದ ಮುಂದಿನ ಕೋಆರ್ಡಿನೇಟ್ ಬರುವ ಹಾಗೆ ಪ್ರಶ್ನೆ ಕೊಡಿ, ಡಬ್ಬಿಯನ್ನು ಬೇರೆ ಖಾಲಿ ಜಾಗದಲ್ಲಿಡಿ. ಮೊದಲಿಂದಲೂ ಅಲ್ಲೇ ಇರುವ ಫಲಕಕ್ಕೆ 161ರ ನಿಯಮ ತಾಗುವುದಿಲ್ಲ. ಒಂದು ಟ್ಯಾಗ್ ಕಟ್ಟಿದಿರೋ, ತಾಗುತ್ತದೆ.

ಪ್ರಕಟವಾದ ಮೇಲೆ ಡಬ್ಬಿ ಕಳೆದು ಜಾಗ ಬದಲಿಸಬೇಕಾದರೆ 161 ಮೀಟರ್‌ವರೆಗೆ ನೀವೇ ಕೋಆರ್ಡಿನೇಟ್ ತಿದ್ದಬಹುದು, ಅದಕ್ಕಿಂತ ಹೆಚ್ಚಾದರೆ ರಿವ್ಯೂವರ್‌ಗೆ ಬರೆಯಬೇಕು. ಹೊಸ ಜಾಗವೂ ನೆರೆಯ ಡಬ್ಬಿಗಳಿಂದ ಅಷ್ಟೇ ದೂರ ಇರಬೇಕು.