"ನಮ್ಮ ಹುಡುಗ ಹಾಗಲ್ಲ" ಅಂದರೆ ಸಾಕಾಗಲ್ಲ

ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಮನೆಗಳಿಂದ ಇಂಥ ಪ್ರಕರಣ ಆಪ್ತಸಲಹೆಗಾರಳಾದ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತದೆ. ಮಗಳು ಕಪ್ಪು ಜನಾಂಗದ ಹುಡುಗನನ್ನು ಮದುವೆಯಾಗ್ತೀನಿ ಅನ್ನುತ್ತಾಳೆ. ಮನೆಯಲ್ಲಿ ಮಾತು ನಿಂತುಹೋಗುತ್ತದೆ. ಬಿಳಿಯ ಹುಡುಗನಾಗಿದ್ದರೆ ಒಂದಿಷ್ಟು ಗೊಣಗಿ ಒಪ್ಪುತ್ತಿದ್ದ ಅಪ್ಪ ಅಮ್ಮ ಇವರು. ಅದಕ್ಕೇ ಇದನ್ನು ಬರೀ ಮದುವೆ ತಕರಾರು ಅಂತ ನಾನು ನೋಡುವುದಿಲ್ಲ. ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ.

ಅಂಥ ಒಬ್ಬ ಅಪ್ಪ ಕಂಪನಿಯೊಂದರಲ್ಲಿ ಮ್ಯಾನೇಜರ್. ಒಳ್ಳೆಯ ಮನುಷ್ಯ. "ನನಗೆ ಭೇದಭಾವ ಇಲ್ಲ ಮೇಡಂ. ಆದ್ರೆ ನಾವು ಎರಡು ಸೂಟ್‌ಕೇಸ್ ಹಿಡ್ಕೊಂಡು ಬಂದು ಇಷ್ಟು ಮಾಡಿದ್ವಿ. ಅವರು ಇಲ್ಲೇ ಹುಟ್ಟಿದವರು, ಅವರಿಗೆ ಯಾಕಾಗಲಿಲ್ಲ?" ಎಲ್ಲಿ ಶುರುವಾದರೂ ಮಾತು ಇಲ್ಲಿಗೇ ಬರುತ್ತಿತ್ತು.

ಒಂದು ದಿನ ಮಗಳು ಒಂದು ಕಾಗದ ತಂದಳು. ಅವರದೇ ಮನೆಯ ಹಳೆಯ ಕ್ರಯಪತ್ರದ ನಕಲು. ಬಡಾವಣೆ 1940ರ ಸುಮಾರಿನದು. "ಜೋರಾಗಿ ಓದಪ್ಪ" ಅಂದಳು. ಬಿಳಿಯರಲ್ಲದವರು ಈ ಜಾಗದಲ್ಲಿ ವಾಸ ಮಾಡುವಂತಿಲ್ಲ, ಮನೆಗೆಲಸದವರನ್ನು ಬಿಟ್ಟು, ಅಂತ ಅದರಲ್ಲಿತ್ತು. ಅವರು ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. "ಅಂದ್ರೆ ನಾನೂ ಇರೋ ಹಾಗಿರಲಿಲ್ವಾ?"

ಇರೋ ಹಾಗಿರಲಿಲ್ಲ. ಇಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡಬಾರದು ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಜನಾಂಗ ನೋಡುವುದನ್ನು ಕಾನೂನು ನಿಷೇಧಿಸಿದ್ದು 1968ರಲ್ಲಿ. 1930ರ ದಶಕದಲ್ಲಿ ಸರ್ಕಾರಿ ನಕ್ಷೆಗಳೇ ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು, ಅಲ್ಲಿ ಸಾಲ ಕೊಡುವುದು ಅಪಾಯ ಅಂದಿದ್ದವು. ಸಾಮಾನ್ಯ ಕುಟುಂಬಕ್ಕೆ ಅಲ್ಲಿ ಮನೆಯೇ ಆಸ್ತಿ. ಕೊಳ್ಳಲು ಬಿಡದಿದ್ದರೆ ಮಕ್ಕಳಿಗೆ ಬಿಟ್ಟುಹೋಗುವುದೇನು?

ಇನ್ನೊಂದನ್ನೂ ಹೇಳಿದೆ. ಅಮೆರಿಕಕ್ಕೆ ವಲಸೆ ಬರಲು 1946ರ ಕಾನೂನು ಭಾರತೀಯರಿಗೆ ಕೊಟ್ಟಿದ್ದು ವರ್ಷಕ್ಕೆ ಸುಮಾರು 100 ಜನರ ಕೋಟಾ. ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ಅದು ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ ದೇಶವನ್ನೇ ಅಲುಗಿಸಿದ ಕಾಲ. "ನಿಮ್ಮ ಶ್ರಮ ಸುಳ್ಳಲ್ಲ. ಆದರೆ ನೀವು ಒಳಗೆ ಬರೋ ಹಾಗೆ ಆಗಿದ್ದು ಆ ಹುಡುಗನ ಅಜ್ಜ ಅಜ್ಜಿಯ ಕಾಲದವರು ಬೀದಿಗಿಳಿದು ಏಟು ತಿಂದಿದ್ದರಿಂದಲೂ ಹೌದು."

ಆಪ್ತಸಲಹೆಯ ಕೋಣೆಯಲ್ಲಿ ಇತಿಹಾಸ ಪಾಠ ಯಾಕೆ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಈ ಅಪ್ಪನ ಭಯ ನಿಂತಿದ್ದೇ "ಆ ಜನ ಕಷ್ಟಪಡಲಿಲ್ಲ" ಅನ್ನುವ ನಂಬಿಕೆಯ ಮೇಲೆ. ಅದನ್ನು ಮುಟ್ಟದೆ ಸುಮ್ನೆ ಸಮಾಧಾನ ಹೇಳಿ ಕಳಿಸಿದ್ದರೆ ಮಗಳಿಗೆ ದ್ರೋಹ ಆಗುತ್ತಿತ್ತು.

ಹುಡುಗನನ್ನು ಭೇಟಿಯಾಗಿ, ಆದರೆ ಜನಾಂಗಭೇದದ ಬಗ್ಗೆ ಅವನಿಂದ ಪಾಠ ಹೇಳಿಸಿಕೊಳ್ಳಬೇಡಿ, ಅದನ್ನು ನೀವೇ ಓದಿ ತಿಳಿದುಕೊಳ್ಳಿ ಅಂದೆ. ಸ್ನೇಹಿತರ ಕೂಟದಲ್ಲಿ ಆ ಜನರನ್ನು ಹೀಯಾಳಿಸುವ ಮಾತು ಬಂದರೆ ಅಲ್ಲೇ "ಈ ಮಾತು ಬೇಡ" ಅನ್ನಿ. ಜೊತೆಗೆ, ನೀವು ಕೆಲಸಕ್ಕೆ ಜನರನ್ನು ಆರಿಸುವವರು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಲ್ಲಿ ಕಳಿಸಿದರು. ಬಿಳಿಯರದು ಅನಿಸುವ ಹೆಸರಿಗೆ ಸುಮಾರು 10 ಅರ್ಜಿಗೆ ಒಂದು ಕರೆ ಬಂತು, ಕಪ್ಪು ಜನರದು ಅನಿಸುವ ಹೆಸರಿಗೆ ಸುಮಾರು 15ಕ್ಕೆ ಒಂದು. ಮೊದಲ ಸುತ್ತಿನಲ್ಲಿ ಹೆಸರು ಮುಚ್ಚಿ ನೋಡಿ ಅಂದೆ.

ಅವರಿಗೆ ಸಿಟ್ಟು ಬಂತು. "ಮಗಳ ಮದುವೆಗೂ ಆಫೀಸಿಗೂ ಏನು ಸಂಬಂಧ?" ಇದೇ ನನ್ನನ್ನು ಜಾಸ್ತಿ ಕಾಡುವುದು. ಅಳಿಯನನ್ನು ಒಪ್ಪಿಕೊಳ್ಳುತ್ತಾರೆ. "ನಮ್ಮ ಹುಡುಗ ಹಾಗಲ್ಲ, ಬೇರೆಯವರೇ ಹಾಗೆ" ಅಂತ ಹಳೆಯ ನಂಬಿಕೆಯನ್ನು ಹಾಗೇ ಇಟ್ಟುಕೊಳ್ಳುತ್ತಾರೆ. ಆ ಮನೆಯಲ್ಲಿ ನಾಳೆ ಹುಟ್ಟುವ ಮಗು ಯಾರ ಲೆಕ್ಕಕ್ಕೆ ಸೇರಬೇಕು?

ಹುಡುಗನನ್ನು ಅವರು ಭೇಟಿಯಾಗಿದ್ದಾರೆ. ಹೆಸರು ಮುಚ್ಚಿಯೇ ಅರ್ಜಿ ನೋಡುತ್ತಿದ್ದಾರೆ. ಸ್ನೇಹಿತರ ಮುಂದೆ ಬಾಯಿ ಬಿಡುವುದು ಮಾತ್ರ ಇನ್ನೂ ಆಗಿಲ್ಲ. ಅದನ್ನು ಹೇಗೆ ಹೇಳಬೇಕು ಅಂತ ಈಗ ಇಬ್ಬರೂ ಕೂತು ಅಭ್ಯಾಸ ಮಾಡುತ್ತಿದ್ದೇವೆ.