ಕೆಜಿಎಫ್‌ನಲ್ಲಿ ಚಿನ್ನ ನಿಜವಾಗಿ ಮುಗಿದಿತ್ತಾ?

ಪ್ರಶ್ನೆ: ನಮ್ಮ ತಾತ ಕೆಜಿಎಫ್ ಗಣಿಯಲ್ಲಿದ್ದವರು. ಚಿನ್ನ ಮುಗಿಯಿತು ಅಂತ 2001ರಲ್ಲಿ ಗಣಿ ಮುಚ್ಚಿದರು. ಈಗ ಸೈನೈಡ್ ದಿಬ್ಬದಲ್ಲೇ ಚಿನ್ನ ಇದೆ ಅಂತಾರೆ. ಯಾವುದನ್ನು ನಂಬೋದು?
- ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ಚಿನ್ನ ಮುಗಿದಿರಲಿಲ್ಲ. ಅದನ್ನು ತೆಗೆಯುವ ಖರ್ಚು ಅದರ ಬೆಲೆಯನ್ನು ದಾಟಿತ್ತು, ಅಷ್ಟೇ.

1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂದಿದ್ದೇ ಕೆಜಿಎಫ್‌ಗೋಸ್ಕರ. ಆ ಕರೆಂಟ್ ಇದ್ದದ್ದರಿಂದಲೇ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಜಾಸ್ತಿ ಆಳಕ್ಕೆ ಹೋಯಿತು. ಆದರೆ ಆಳಕ್ಕೆ ಹೋದಷ್ಟೂ ಬಿಲ್ಲು ಏರುತ್ತದೆ: ನೀರು ಮೇಲಕ್ಕೆತ್ತಬೇಕು, 60 ಡಿಗ್ರಿ ದಾಟಿದ ಬಂಡೆಗಳ ನಡುವೆ ಜನ ಕೆಲಸ ಮಾಡಬೇಕಾದರೆ ತಣ್ಣನೆ ಗಾಳಿ ಕಳಿಸಬೇಕು, ಕಲ್ಲನ್ನು ಅಷ್ಟು ದೂರ ಎಳೆದು ತಂದು ಹಿಟ್ಟಿನ ಹಾಗೆ ಪುಡಿ ಮಾಡಬೇಕು. ಶುರುವಿನಲ್ಲಿ ಟನ್ ಕಲ್ಲಿಗೆ 40 ಗ್ರಾಂಗೂ ಜಾಸ್ತಿ ಚಿನ್ನ ಸಿಗುತ್ತಿತ್ತು, ಕೊನೆಗೆ ಮೂರ್ನಾಲ್ಕು ಗ್ರಾಂ. ಆಗ 10 ಗ್ರಾಂ ಚಿನ್ನಕ್ಕೆ ಐದು ಸಾವಿರ ರೂಪಾಯಿಯೂ ಇರಲಿಲ್ಲ. ಹೇಗೆ ಗಿಟ್ಟುತ್ತದೆ ಹೇಳಿ?

ಸೈನೈಡ್ ದಿಬ್ಬ ಅಂದರೆ ಪುಡಿ ಮಾಡಿದ ಕಲ್ಲಿನಿಂದ ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿ. ಈ ದಿಬ್ಬಗಳಲ್ಲಿ ಇರೋದು ಟನ್ನಿಗೆ ಒಂದು ಗ್ರಾಂಗಿಂತ ಕಡಿಮೆ. ಆದರೂ ಆಸೆ ಯಾಕೆ ಅಂದರೆ, ಆ ಕಲ್ಲನ್ನು ಅಗೆದು, ಎತ್ತಿ, ಪುಡಿ ಮಾಡಿದ ಕರೆಂಟ್ ಬಿಲ್ಲು ನಿಮ್ಮ ತಾತನ ಕಾಲದಲ್ಲೇ ಕಟ್ಟಿ ಆಗಿದೆ. ಚಿನ್ನದ ಬೆಲೆಯೂ ಈಗ ಎಲ್ಲೋ ಹೋಗಿದೆ ಅಲ್ವಾ.

ಇನ್ನು ಜಾಗದ ಮಾತು. ಇದನ್ನು ಯಾರೂ ಸರಿಯಾಗಿ ಕೇಳುತ್ತಿಲ್ಲ ಅನ್ನೋದು ನನ್ನ ತಕರಾರು. ಆ ಕಾಲದಲ್ಲಿ ಮಣ್ಣು ಸುರಿಯುವ ನೆಲ ಹೆಚ್ಚುಕಮ್ಮಿ ಪುಕ್ಕಟೆ, ಹಾಗಾಗಿ ಉಳಿದ ಚೂರುಪಾರು ಚಿನ್ನವನ್ನು ಹಿಂಡಿ ತೆಗೆಯುವ ದರ್ದು ಕಂಪನಿಗಳಿಗೆ ಇರಲಿಲ್ಲ. ಎಕರೆಗೆ ಇಷ್ಟು ಅಂತ ಬಾಡಿಗೆ ಕಟ್ಟಬೇಕಾಗಿದ್ದರೆ ಕಥೆಯೇ ಬೇರೆ ಆಗುತ್ತಿತ್ತು. ಈಗ 13 ದಿಬ್ಬ, ಸುಮಾರು 1,000 ಎಕರೆ, 3.3 ಕೋಟಿ ಟನ್ ಮಣ್ಣು. ಗಾಳಿ ಬೀಸಿದರೆ ಧೂಳೆಲ್ಲ ಊರಿನ ಮನೆಗಳಿಗೆ. ಇದನ್ನು ಮತ್ತೆ ಸಂಸ್ಕರಿಸುವ ಕೇಂದ್ರ ಸರ್ಕಾರದ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿದೆ. ಆದರೆ ಟನ್ನಿನಲ್ಲಿ ಒಂದು ಗ್ರಾಂ ತೆಗೆದರೆ ಮಣ್ಣು ಕರಗುತ್ತದಾ? ಅಷ್ಟೂ ಉಳಿಯುತ್ತದೆ, ಅದೂ ಮತ್ತೊಮ್ಮೆ ಸೈನೈಡ್ ಕುಡಿದು. ಅದನ್ನು ಇಳಿಸೋಕೆ ತಳಕ್ಕೆ ಶೀಟ್ ಹಾಸಿದ ಹೊಸ ಜಾಗ ಬೇಕು, ಬೆಂಗಳೂರಿಗೆ ಇಷ್ಟು ಹತ್ತಿರ ಈಗ ನೆಲದ ರೇಟು ನಿಮಗೇ ಗೊತ್ತು. ಟೆಂಡರ್ ಕರೆದ ದಿನ ಎಷ್ಟು ಚಿನ್ನ ಅಂತ ಎಲ್ಲರೂ ಕೇಳುತ್ತಾರೆ. ತೊಳೆದ ಮಣ್ಣು ಎಲ್ಲಿಗೆ, ಯಾರ ಖರ್ಚಲ್ಲಿ ಅಂತ ನೀವು ಕೇಳಿ.