ಯಾದಗಿರಿ ಕಡೆಯ ಹೈಸ್ಕೂಲ್ ಶಿಕ್ಷಕರು ಇ-ಕಲಿಕೆಗೆ ನಿಜಕ್ಕೂ ತಯಾರಿದ್ದಾರಾ?

ಅರ್ಧ ತಯಾರಿದ್ದೇವೆ ಅನ್ನಬಹುದು. ನಾನು ಇಲ್ಲಿನ ಹಳ್ಳಿ ಶಾಲೆಯೊಂದರಲ್ಲಿ ವಿಜ್ಞಾನ ಮೇಷ್ಟ್ರು.

ತರಬೇತಿಯೇ ಸಿಕ್ಕಿಲ್ಲ ಅನ್ನೋ ಹಾಗಿಲ್ಲ. ಹೈಸ್ಕೂಲ್ ಶಿಕ್ಷಕರಿಗೆಂದೇ ಟಾಲ್ಪ್ ಅನ್ನೋ ಸರ್ಕಾರಿ ಕಂಪ್ಯೂಟರ್ ತರಬೇತಿ ಇದೆ. 2017ರಲ್ಲಿ ದೀಕ್ಷಾ ಅನ್ನೋ ಕಲಿಕಾ ಆ್ಯಪ್ ಬಂತು. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠದ ಸಾಮಗ್ರಿ ಅದರಲ್ಲಿ ತೆರೆದುಕೊಳ್ಳುತ್ತದೆ. ಕೊರೊನಾ ಹೊತ್ತಲ್ಲಿ, 2020ರಲ್ಲಿ, ಚಂದನದಲ್ಲಿ ‘ಸಂವೇದ’ ಪಾಠಗಳು ಬಂದವು. ಶಿಕ್ಷಕರ ತರಬೇತಿಗೆಂದು ಇರುವ ನಿಷ್ಠಾ ಆನ್‌ಲೈನ್ ಕೋರ್ಸೂ ಮುಗಿಸಿದ್ದೇವೆ. (ಒಂದು ಕಡೆ ವಿಡಿಯೋ ಓಡುತ್ತಿತ್ತು, ಇನ್ನೊಂದು ಕಡೆ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಸುಳ್ಳು ಯಾಕೆ ಹೇಳಲಿ?)

ತೊಡಕು ತರಗತಿಯೊಳಗಿದೆ. ಮೊನ್ನೆ ಹತ್ತನೇ ತರಗತಿಗೆ ಕಣ್ಣಿನ ಪಾಠ. ಕಿಟಕಿಗೆ ರಗ್ಗು ಕಟ್ಟಿ ಕತ್ತಲೆ ಮಾಡಿ ಪ್ರೊಜೆಕ್ಟರ್ ಹಚ್ಚಿದೆ. ಐದೇ ನಿಮಿಷ, ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಎರಡು ವರ್ಷವಾಯಿತು. ರಗ್ಗು ಬಿಚ್ಚಿ, ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲೇ ಕಣ್ಣು ಬರೆದೆ. ಹುಡುಗರು ಬಿದ್ದು ಬಿದ್ದು ನಕ್ಕರು.

ಈಗ ರಾತ್ರಿ ಮನೆಯಲ್ಲೇ ವಿಡಿಯೋ ಇಳಿಸಿಕೊಂಡು, ಫೋನ್ ಪೂರ್ತಿ ಚಾರ್ಜ್ ಮಾಡಿ ಒಯ್ಯುತ್ತೇನೆ. ಆರಾರು ಮಕ್ಕಳಿಗೆ ಸುತ್ತ ಕೂರಿಸಿ ತೋರಿಸುತ್ತೇನೆ.

ವಯಸ್ಸಾದವರಿಗೆ ಬರೋದಿಲ್ಲ ಅಂತಾರಲ್ವಾ? ನನಗೆ ಹಾಗನ್ನಿಸಿಲ್ಲ. ಬಟನ್ ಒತ್ತೋದು ವಾರದಲ್ಲಿ ಬರುತ್ತದೆ. ಹತ್ತು ನಿಮಿಷದ ವಿಡಿಯೋದಲ್ಲಿ ಯಾವ ಎರಡು ನಿಮಿಷ ತೋರಿಸಬೇಕು, ಎಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಬೇಕು ಅನ್ನೋದೇ ಕಷ್ಟ. ನಾನು ಹೋದ ತರಬೇತಿಗಳಲ್ಲಿ ಟೈಪಿಂಗ್, ಸ್ಲೈಡ್ ಮಾಡೋದೇ ಜಾಸ್ತಿ ಇತ್ತು, ಇದರ ಮಾತೇ ಬರಲಿಲ್ಲ.